ಮೊದಲ ಪಾಠಕ್ಕೆ ಬೋರ್ಗಿಲ್ಡಳನ್ನು ನಂದಿಸಿ

"ಈ ಸಲದ ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಒಂದು ದೀಪವೂ ತಪ್ಪುವುದಿಲ್ಲ. ನಾನಿದ್ದೇನೆ!" ಎಂದು ಕಮಿಟಿಯ ಮುಂದೆ ಎದೆ ತಟ್ಟಿದವಳು ನಾನೇ.

ತಟ್ಟಲೇಬೇಕಿತ್ತು. ನಲವತ್ತು ವರ್ಷದಿಂದ ಚರ್ಚಿನ ದೀಪ ನೋಡಿಕೊಂಡವರು ನನ್ನ ಗಂಡ ಆರ್ವಲ್. ಶುಭ ಶುಕ್ರವಾರ ಸಂಜೆ ಬೈಬಲಿನ ಒಂದೊಂದು ಪಾಠ ಓದಿದಾಗಲೂ ಒಂದೊಂದು ದೀಪ ಆರಿ, ಕಡೆಗೆ ಪೂರ್ತಿ ಕತ್ತಲಾಗಬೇಕು. ಈಗ ಬಂದಿರುವ ಏಳು ಹೊಸ ದೀಪಕ್ಕೂ ಒಂದೇ ತಂತಿಯ ನಂಟು. ಟ್ಯಾಬ್ಲೆಟ್ ಮೇಲೆ ಬೆರಳಿಟ್ಟರೆ ಬೇಕಾದ್ದು ಆರುತ್ತದೆ. "ಒಂದು ಕೈಕೊಟ್ಟರೂ ಮಿನಿಯಾಪೊಲಿಸ್ ಸಿಟಿಯ ಕಂಪನಿಯವರನ್ನು ಕರೆಸ್ತೀವಿ" ಎಂದಿತು ಕಮಿಟಿ. ಅವತ್ತು ಆರ್ವಲ್ ಊಟ ಬಿಟ್ಟರು.

ಪ್ರತಿ ದೀಪಕ್ಕೂ ನಂಬರ್ ಕೊಡಬೇಕಂತೆ. ಅವರು ಏಣಿಯ ಮೇಲೆ, ನಾನು ಕೆಳಗೆ.

"ಇದು ಒಂದು. ಬರಕೋ."

"ನಂಬರ್ ಯಾರಿಗ್ರೀ ನೆನಪಿರುತ್ತೆ? ಇದರ ಕೆಳಗೆ ಕೂರೋದು ಬೋರ್ಗಿಲ್ಡ್. ಹಂಗೇ ಹೆಸರಿಡೋಣ."

ನನ್ನ ಮಹಾ ಪಾಂಡಿತ್ಯ! ಆದರೆ ನಮ್ಮಲ್ಲಿ ಅಜ್ಜ ಕೂತ ಬೆಂಚಿನಲ್ಲೇ ಮೊಮ್ಮಗನೂ ಕೂರುವುದು. ಆರು ದೀಪಕ್ಕೆ ಆರು ಹೆಸರು ಬಿತ್ತು. ಟಿಲ್ಮರ್‌ನ ಹೆಂಡತಿ ಸೆಲ್ಮಾ ಜನವರಿಯಲ್ಲಿ ತೀರಿಕೊಂಡಿದ್ದಳು; ಅವರ ಬೆಂಚಿನ ದೀಪಕ್ಕೆ ಬೇರೆ ಹೆಸರು ಹಾಕಲು ಮನಸ್ಸಾಗಲಿಲ್ಲ. ತೀರಾ ಮುಂದಿನ ಬೆಂಚಿನಲ್ಲಿ ಎಂದೂ ಯಾರೂ ಕೂತಿಲ್ಲ. ಅದಕ್ಕೆ "ಯಾರೂ ಇಲ್ಲ" ಎಂದೇ ಬರೆದೆ.

ಯಾವ ಪಾಠಕ್ಕೆ ಯಾವ ದೀಪ ಎಂದು ಆರ್ವಲ್‌ಗೆ ಬರೆದ ಆ ಚೀಟಿ, ಹಾಡಿನ ಹಾಳೆಯ ಜೊತೆ ಝೆರಾಕ್ಸ್‌ಗೆ ಹೋಗಿಬಿಟ್ಟಿತು! ಶುಕ್ರವಾರ ಸಂಜೆ ಸಭೆಯೆಲ್ಲ ಓದಿತು: "ಮೊದಲ ಪಾಠ: ಬೋರ್ಗಿಲ್ಡಳನ್ನು ನಂದಿಸಿ... ಆರನೆಯದು: ಸೆಲ್ಮಾ. ಕೊನೆಯದು: ಯಾರೂ ಇಲ್ಲ."

ತೊಂಬತ್ತೊಂದರ ಬೋರ್ಗಿಲ್ಡ್ ಕನ್ನಡಕ ಏರಿಸಿ ನನ್ನತ್ತ ತಿರುಗಿದಳು. "ಆರ್ಡಿಸ್, ಈ ಪಟ್ಟಿ ಎಲ್ಲಿಂದ ಬಂತೇ? ಮೇಲಿನಿಂದಲಾ?"

ಕೈಚೀಲ ಎತ್ತಿಕೊಂಡು ನೇರ "ಯಾರೂ ಇಲ್ಲ" ಎಂದಿದ್ದ ಮುಂದಿನ ಬೆಂಚಿಗೆ ನಡೆದಳು. ಅವಳ ಹಿಂದೆ ಎಲ್ಲರೂ! ಹನ್ನೊಂದು ವರ್ಷದಿಂದ "ಮುಂದೆ ಬನ್ನಿ" ಎಂದು ಗೋಗರೆದಿದ್ದ ಪಾಸ್ಟರ್ ಕಣ್ಣೊರೆಸಿಕೊಂಡರು.

ಕದಲದವನು ಟಿಲ್ಮರ್ ಒಬ್ಬನೇ.

ಐದು ದೀಪ ಸರಿಯಾಗಿ ಆರಿದವು. ಆರನೇ ಪಾಠ ಮುಗಿಯಿತು.

"ಸೆಲ್ಮಾ. ಒತ್ರೀ" ಎಂದು ಪಿಸುಗುಟ್ಟಿದೆ.

ಆರ್ವಲ್ ಬೆರಳು ಅಲ್ಲೇ ನಿಂತಿತು. "ಟಿಲ್ಮರ್ ತಲೆಯೆತ್ತಿ ದೀಪಾನೇ ನೋಡ್ತಿದಾನೆ ಕಣೇ."

"ಕಮಿಟಿ ನಿಮ್ಮನ್ನು ನೋಡ್ತಿದೆ!"

"ನೋಡಲಿ."

ಅದನ್ನು ಹಾಗೇ ಬಿಟ್ಟು, ಏಳನೇ ಪಾಠಕ್ಕೆ ಕೊನೆಯದನ್ನು ನಂದಿಸಿದರು. ಕತ್ತಲಲ್ಲಿ ಒಂದು ದೀಪ, ಒಬ್ಬ ಮುದುಕ, ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ.

ಮರುದಿನ ಕಮಿಟಿ ಕೂತಿತು. "ಒಂದು ದೀಪ ಕೆಟ್ಟಿತ್ತಲ್ಲ, ಆರ್ವಲ್?"

ಮೂಲೆಯಿಂದ ಟಿಲ್ಮರ್ ಎದ್ದ. "ಕೆಟ್ಟಿರಲಿಲ್ಲ. ಪ್ರಾರ್ಥನೆ ಆದ್ಮೇಲಿನ ಕಾಫಿ ಮುಗಿಯೋ ಮುಂಚೆ ನಮ್ಮ ಸೆಲ್ಮಾ ಎಲ್ಲಿಂದಾದ್ರೂ ಎದ್ದು ಹೋಗಿದ್ದುಂಟಾ?"

ಕಮಿಟಿ ತನ್ನ ತನ್ನ ಲೋಟ ನೋಡಿಕೊಂಡಿತು. ಮಿನಿಯಾಪೊಲಿಸ್ ಮಾತು ಮತ್ತೆ ಏಳಲಿಲ್ಲ. ದೀಪಗಳು ಆರ್ವಲ್‌ಗೇ ಉಳಿದವು. ಪೆನ್ನು ಮಾತ್ರ ನನ್ನ ಕೈಯಿಂದ ಹೋಯಿತು.

ಹೊರಗೆ ಬೋರ್ಗಿಲ್ಡ್ ಕೋಲು ಅಡ್ಡ ಹಿಡಿದು ನಿಂತಿದ್ದಳು.

"ನಾಳೆ ಈಸ್ಟರ್, ಯೇಸು ಸಾವಿನಿಂದ ಎದ್ದ ದಿನ. ಎಲ್ಲರಿಗಿಂತ ಮೊದಲು ನನ್ನ ಕಳಿಸಿದವಳೇ, ಎಲ್ಲರಿಗಿಂತ ಮೊದಲು ನನ್ನನ್ನೇ ಎಬ್ಬಿಸಬೇಕು. ತಿಳೀತಾ?"

ಎದೆ ತಟ್ಟಿದ್ದ ಅದೇ ಕೈಯಲ್ಲಿ ಅವಳ ಕೈಚೀಲ ಹಿಡಿದು ಕಾರಿನವರೆಗೂ ನಡೆದೆ.