ಏರಿಯ ಮೇಲೆ ಇಬ್ಬರು ಡ್ರೈವರು

ಗಾಡಿ ಓಡಿಸುವವರಿಗೆ ಬುದ್ಧಿ ಹೇಳುವುದು ನನ್ನ ಹಳೆಯ ದುರಭ್ಯಾಸ. ನಶ್ಯ ಬಿಟ್ಟೆ, ಇಸ್ಪೀಟು ಬಿಟ್ಟೆ, ಇದನ್ನು ಬಿಡಲಾಗಲಿಲ್ಲ. ಶ್ರೀನಿವಾಸಪುರದಲ್ಲಿ ಮೇಷ್ಟರಾಗಿದ್ದ ನಾನು ಶನಿವಾರ ಬಂತೆಂದರೆ ಬಸ್ಸು ಹತ್ತಿ ಕೋಲಾರದ ಮನೆಗೆ ಹೋಗುತ್ತಿದ್ದೆ. ಯುದ್ಧದಿಂದ ಪೆಟ್ರೋಲು ಸಿಕ್ಕದೆ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದ ಕಾಲ ಅದು. ಏರು ಬಂದರೆ ನಾವೇ ಇಳಿದು ತಳ್ಳಬೇಕು. ಇನ್ನಾದರೂ ಡ್ರೈವರುಗಳ ಗತ್ತು ಇಳಿದೀತೆಂದು ಕಾದೆ. ಇಳಿಯಲಿಲ್ಲ. ನಮ್ಮ ಡ್ರೈವರ್ ಮುನಿಶಾಮಣ್ಣ ನೆಲದ ಮೇಲಿದ್ದಾಗ ಇರುವೆಗೂ ದಾರಿ ಬಿಡುವ ಸಾಧು; ಸೀಟಿನಲ್ಲಿ ಕೂತನೆಂದರೆ ಪಾಳೆಯಗಾರ.

ಮಾವಿನ ಕಾಲದ ಒಂದು ಶನಿವಾರ ಕೆರೆ ಏರಿಯ ನಡುಮಧ್ಯೆ ಲಾರಿಯೊಂದು ಎದುರಾಯಿತು. ಹಣ್ಣು ತುಂಬಿಕೊಳ್ಳಲು ಖಾಲಿ ಬರುತ್ತಿದ್ದ ಲಾರಿ. ಏರಿಯ ಅಗಲ ಒಂದೇ ಗಾಡಿಗೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಇಳಿಜಾರು. ಲಾರಿಯ ಗೌಸ್ ಸಾಬರೂ ನಮ್ಮ ಮುನಿಶಾಮಣ್ಣನೂ ಮೂತಿಗೆ ಮೂತಿ ತಾಗುವಂತೆ ತಂದು ನಿಲ್ಲಿಸಿದರು.

"ಹಿಂದಕ್ಕೆ ತಗೋ," ಎಂದ ಮುನಿಶಾಮಣ್ಣ.

"ನೀನೇ ತಗೋ. ರೋಡ್ಡು ಮೀ ತಾತದಾ?" ಎಂದರು ಸಾಬರು. ರಸ್ತೆ ನಿಮ್ಮ ತಾತನದಾ ಎಂದು ಕೇಳಲು ನಮ್ಮ ಕಡೆ ತೆಲುಗೇ ಅನುಕೂಲ.

ಅರ್ಧ ಗಂಟೆ ಕಳೆಯಿತು. ಇಬ್ಬರೂ ಎಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚಿದರು. ನಾನು ಇಳಿದು ರಸ್ತೆಯ ನಿಯಮ, ನಾಗರಿಕರ ಕರ್ತವ್ಯ ಎಲ್ಲವನ್ನೂ ಗ್ರಾಂಥಿಕ ಕನ್ನಡದಲ್ಲಿ ವಿವರಿಸಿದೆ. ಸಾಬರು ಆಕಳಿಸಿದರು.

ನನ್ನ ಪಕ್ಕದ ಸೀಟಿನಲ್ಲಿ ನಂಜಮ್ಮನೆಂಬ ಮುದುಕಿ ಇದ್ದಳು. ಮೂರು ದಿನದಿಂದ ಜ್ವರ ಬಿಡದ ಮೊಮ್ಮಗಳನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಅವಳು ಸದ್ದಿಲ್ಲದೆ ಇಳಿದು ಬಂದು ಮಗುವನ್ನು ಸಾಬರ ತೋಳಿಗೆ ಹಾಕಿದಳು.

"ನಿಮ್ಮಿಬ್ರ ಪಂಚಾಯ್ತಿ ಮುಗಿಯೋ ತಂಕ ಇದನ್ನ ನೋಡ್ಕೊಳ್ರಪ್ಪ. ನಾನು ನಡ್ಕೊಂಡೋಗಿ ಡಾಕ್ಟ್ರನ್ನ ಇಲ್ಲಿಗೇ ಕರ್ಕೊಂಬರ್ತೀನಿ."

ಸಾಬರ ಮುಖದ ಬಣ್ಣ ಇಳಿಯಿತು. ಮಗುವಿನ ಹಣೆ ಮುಟ್ಟಿದರು, ಬೀಡಿ ಎಸೆದರು. "ಮೈ ಕೆಂಡದಂಗದೆ ಕಣಮ್ಮ," ಎಂದು ಮಗುವನ್ನು ಹಿಂದಕ್ಕೆ ಕೊಟ್ಟು ಲಾರಿ ಹತ್ತಿದರು. ಮುನಿಶಾಮಣ್ಣನೂ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದ; ಹಿಂದೆಯೇ ನಾವೂ ಹತ್ತಿದೆವು. ಲಾರಿ ಹಿಂದಕ್ಕೆ ಹೊರಟಿತು. ನಾಚಿಕೆಯಿಂದಲೋ ಏನೋ ಬಸ್ಸೂ ಹಿಂದಕ್ಕೆ ಹೊರಟಿತು. ಸ್ವಲ್ಪ ಹೊತ್ತಿಗೆ ಒಂದು ಗಾಡಿ ಏರಿಯ ಆ ತುದಿಯಲ್ಲಿ, ಇನ್ನೊಂದು ಈ ತುದಿಯಲ್ಲಿ. ನಡುವೆ ರಸ್ತೆ ಖಾಲಿ. ಈಗ "ನೀನು ಮೊದ್ಲು ಬಾ" ಎಂದು ಇಬ್ಬರೂ ಕೈ ಬೀಸತೊಡಗಿದರು.

"ಇನ್ನು ಮರ್ಯಾದೆ ಸಾಕು, ಹೋಗೋ ಮಗ," ಎಂದಳು ನಂಜಮ್ಮ. ಬಸ್ಸು ಹೋಯಿತು. ಮಗುವಿನ ಜೀವ ಉಳಿಯಿತು.

ಇದೆಲ್ಲ ಕಂಡ ಮೇಲೆ ಬಸ್ಸಿನ ಸಹವಾಸವೇ ಬೇಡವೆಂದು ಸೈಕಲ್ ಕೊಂಡೆ. ಮೊದಲ ವಾರವೇ ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತ ರೈತನೊಬ್ಬ ಎದುರಾದ. ಬೆಲ್ ಮಾಡಿದೆ. ಅವನು ನಿಂತ. ಮತ್ತೆ ಮಾಡಿದೆ. ಮತ್ತೂ ಮಾಡಿದೆ.

"ಬೆಲ್ ಬಲು ಚೆನ್ನಾಗದೆ ಸ್ವಾಮಿ. ಇದಕ್ಕೆ ಬ್ರೇಕ್ ಇಲ್ವಾ?" ಎಂದ.

ಇತ್ತು. ಎರಡು ಚಕ್ರಕ್ಕೂ ಇತ್ತು.