ಕೋಟಮ್ಮ ಕೋಟು ಬಿಚ್ಚದ ದಿನ

ಎಲ್ಲ ಶುರುವಾದದ್ದು ಮಗಳ ಎಡಗಾಲಿನ ಬೂಟಿನಿಂದ. ಬಲಗಾಲಿನದು ಬಾಗಿಲ ಬಳಿಯೇ ಇತ್ತು. ಎಡಗಾಲಿನದು ಮಂಚದ ಕೆಳಗಿಲ್ಲ, ಸೋಫಾದ ಹಿಂದಿಲ್ಲ. ಕೊನೆಗೆ ಸಿಕ್ಕಿದ್ದು ವಾಷಿಂಗ್ ಮೆಷಿನ್ನಿನ ಒಳಗೆ. ಅಷ್ಟರಲ್ಲಿ ಕೆಳಗೆ ಶಾಲೆಯ ವ್ಯಾನು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಗಿತ್ತು.

ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮುಸುಕು ಹಾಕಿ ಮಲಗಿದ್ದ. ಅವನನ್ನು ಎಬ್ಬಿಸುವುದಕ್ಕಿಂತ ವ್ಯಾನನ್ನು ಓಡಿ ಹಿಡಿಯುವುದೇ ಸುಲಭ. ಅವಳು ಗೂಟದಲ್ಲಿದ್ದ ಉದ್ದ ಕೋಟನ್ನು ಎಳೆದು ಹಾಕಿಕೊಂಡು, ಕತ್ತಿನವರೆಗೆ ಗುಂಡಿ ಹಾಕಿ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಎರಡು ಚೀಲಗಳನ್ನೂ ಹಿಡಿದು ಮೆಟ್ಟಿಲಿಳಿದಳು.

ಈ ಕೋಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮರಗಳು ಎಲೆ ಉದುರಿಸಲು ಶುರುಮಾಡಿದ ದಿನದಿಂದ ಅದು ಅವಳ ಮೈಮೇಲಿದೆ. ಕಡು ನೀಲಿ ಬಣ್ಣ, ದೊಡ್ಡ ಕಾಲರು, ಕಣಕಾಲಿನವರೆಗೆ ಇಳಿಯುವ ಉದ್ದ. ಜೊತೆಗೊಂದು ಕೆಂಪು ಮಫ್ಲರು. ಆಫೀಸಿನವರು ಇದನ್ನು ಸ್ಟೈಲು ಎಂದೇ ನಂಬಿ ಅವಳಿಗೆ ಪ್ರೀತಿಯಿಂದ ಕೋಟಮ್ಮ ಎಂದು ಹೆಸರಿಟ್ಟಿದ್ದರು. ಸ್ಟೈಲೂ ಇಲ್ಲ, ಮಣ್ಣೂ ಇಲ್ಲ. ಇಸ್ತ್ರಿ ಕಾಣದ ಅಂಗಿ, ಮಗಳು ಹಾಲಿನ ಮೂತಿ ಒರೆಸಿದ ತೋಳು, ಪಿನ್ನು ಚುಚ್ಚಿಕೊಂಡ ಅಂಚು, ಎಲ್ಲವನ್ನೂ ಆ ಕೋಟು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಹೊತ್ತೇರಿ ಅವಳು ಅದನ್ನು ಬಿಚ್ಚಿ ಕುರ್ಚಿಗೆ ಹಾಕುವಷ್ಟರಲ್ಲಿ ಉಳಿದವರೆಲ್ಲ ತಂತಮ್ಮ ಕೆಲಸದಲ್ಲಿ ಮುಳುಗಿರುತ್ತಿದ್ದರು.

ವ್ಯಾನು ಸಿಗಲಿಲ್ಲ. ಬಸ್ಸು ಹಿಡಿದು ಮಗಳನ್ನು ಶಾಲೆಯ ಗೇಟಿನೊಳಗೆ ನೂಕಿ, ಇನ್ನೊಂದು ಬಸ್ಸು ಹಿಡಿದು ಕಿಟಕಿ ಪಕ್ಕ ಕುಳಿತು, ಉಸ್ ಎಂದು ಕಾಲು ಚಾಚಿದಳು. ಕೋಟಿನ ಅಂಚಿನಿಂದ ಒಂದು ಬಾತುಕೋಳಿ ಇಣುಕಿ ನೋಡುತ್ತಿತ್ತು.

ಅವಳು ತಟ್ಟನೆ ಕಾಲು ಮಡಚಿದಳು. ಅದು ಅವಳ ನೈಟಿ. ಮಗಳು ಹಟಮಾಡಿ ಆರಿಸಿದ ಹಳದಿ ನೈಟಿ, ಮೈತುಂಬ ಬಾತುಕೋಳಿಗಳು. ಆಫೀಸಿಗೆ ಹಾಕಬೇಕಿದ್ದ ಬಟ್ಟೆ ಮನೆಯಲ್ಲಿ ಮಂಚದ ಮೇಲೆ ಅಚ್ಚುಕಟ್ಟಾಗಿ ಬಿದ್ದುಕೊಂಡಿತ್ತು. ವಾಪಸು ಹೋಗಿ ಬರುವಷ್ಟು ಸಮಯವಿರಲಿಲ್ಲ.

ಬೇರೆ ಯಾವ ಆಫೀಸಾಗಿದ್ದರೂ ನಗೆಯಲ್ಲಿ ಮುಗಿದುಹೋಗುತ್ತಿತ್ತೇನೋ. ಅವಳು ಬಿಲ್ಲು ಬರೆಯುತ್ತಿದ್ದದ್ದು ಶಾಲೆ, ಆಸ್ಪತ್ರೆ, ಹೋಟೆಲುಗಳಿಗೆ ಸಮವಸ್ತ್ರ ಹೊಲಿದುಕೊಡುವ ಕಂಪನಿಯಲ್ಲಿ. ಊರಿಗೆಲ್ಲ ಬಟ್ಟೆಯ ಶಿಸ್ತು ಮಾರುವ ದೊಡ್ಡ ಮೇಡಂ ತಮ್ಮ ನೌಕರರಲ್ಲಿ ಒಂದು ಗುಂಡಿ ಕಡಿಮೆಯಿದ್ದರೂ ಸಹಿಸುತ್ತಿರಲಿಲ್ಲ. ಹೋದ ವಾರ ಚಪ್ಪಲಿ ಹಾಕಿಕೊಂಡು ಬಂದ ಡ್ರೈವರನ್ನು ಆ ಚಪ್ಪಲಿಯಲ್ಲೇ ಮನೆಗೆ ಕಳಿಸಿದ್ದರು. ಅವನು ಮತ್ತೆ ಬಂದಿರಲಿಲ್ಲ. ಕೋಟಮ್ಮನ ತಾತ್ಕಾಲಿಕ ನೌಕರಿಯ ಅವಧಿ ಅಂದಿಗೆ ಮುಗಿಯುತ್ತಿತ್ತು. ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬುದನ್ನು ಮೇಡಂ ಅಂದೇ ಹೇಳುವವರಿದ್ದರು. ಗಂಡನ ಕಾರ್ಖಾನೆಯಲ್ಲಿ ಪಾಳಿಗಳು ಕಡಿಮೆಯಾಗುತ್ತಿದ್ದವು. ಈ ನೌಕರಿ ಹೋದರೆ ಮುಂದೇನು ಎಂದು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ.

ಆಫೀಸಿಗೆ ಬಂದವಳೇ ಬಚ್ಚಲುಕೋಣೆಗೆ ನುಗ್ಗಿ, ಬಾತುಕೋಳಿಗಳನ್ನೆಲ್ಲ ಮೇಲಕ್ಕೆ ಎಳೆದು, ಸೊಂಟದ ಸುತ್ತ ಮಫ್ಲರಿನಿಂದ ಬಿಗಿದು ಕಟ್ಟಿದಳು. ಈಗ ಅಂಚಿನಲ್ಲಿ ಏನೂ ಕಾಣಲಿಲ್ಲ. ಹೊಟ್ಟೆಯ ಹತ್ತಿರ ಮಾತ್ರ ಒಂದು ಗಂಟು ನಿಂತಿತು. ಉಸಿರು ಬಿಗಿಹಿಡಿದು ತನ್ನ ಮೇಜಿಗೆ ಬಂದು ಕುಳಿತಳು.

ಪಕ್ಕದ ಮೇಜು ಕ್ಯಾಷಿಯರಕ್ಕನದು. ಆಕೆಗೆ ದುಡ್ಡಿನ ಲೆಕ್ಕ ತಪ್ಪಬಹುದು, ಬೇರೆಯವರ ಮನೆ ಸುದ್ದಿಯ ಲೆಕ್ಕ ತಪ್ಪುವುದಿಲ್ಲ.

"ಏನು ಕೋಟಮ್ಮ, ಇನ್ನೂ ಕೋಟು ಬಿಚ್ಚಿಲ್ಲ? ಹೀಟರ್ ಹಾಕಿದ್ದಾರಲ್ಲ."

"ಯಾಕೋ ಚಳಿ ಅಕ್ಕ. ಜ್ವರ ಬರೋ ಹಾಗಿದೆ."

ಹೇಳಬಾರದ ಮಾತನ್ನು ಹೇಳಿಬಿಟ್ಟಿದ್ದಳು. ಅಕ್ಕ ತಟ್ಟನೆ ಎದ್ದು, ತನ್ನ ಕಾಲ ಬಳಿಯಿದ್ದ ಹೀಟರನ್ನು ತಂದು ಕೋಟಮ್ಮನ ಕಾಲ ಬಳಿ ಇಟ್ಟಳು. ಆಚೆ ಮೇಜಿನದನ್ನೂ ತಂದು ಬೆನ್ನ ಹಿಂದೆ ಇಟ್ಟಳು. ಸ್ವಲ್ಪ ಹೊತ್ತಿನಲ್ಲೇ ಕೋಟಮ್ಮ ಒಲೆಯೊಳಗಿನ ಬದನೆಕಾಯಿಯಂತೆ ಬೇಯತೊಡಗಿದಳು. ಹಣೆಯಿಂದ ಬೆವರು ಬಿಲ್ಲಿನ ಮೇಲೆ ತೊಟ್ಟಿಕ್ಕಿತು.

ಅಕ್ಕ ಹಣೆ ಮುಟ್ಟಿ ನೋಡಿದಳು. "ಬೆವರು ಬಂತಲ್ಲ, ಜ್ವರ ಬಿಟ್ಟ ಹಾಗೆ. ಇನ್ನು ಕೋಟು ತೆಗಿ."

"ಬೇಡ ಅಕ್ಕ."

"ಅದೇನು ಬೇಡ? ಬೆವರಿದ ಮೈಗೆ ಗಾಳಿ ಬೇಕು. ಕೊಡು ಇಲ್ಲಿ, ನಾನೇ ಗುಂಡಿ ಬಿಚ್ತೀನಿ."

ಅಕ್ಕನ ಬೆರಳು ಮೊದಲ ಗುಂಡಿಯನ್ನು ಮುಟ್ಟಿಯೇಬಿಟ್ಟಿತ್ತು. ಕೋಟಮ್ಮ ಎರಡೂ ಕೈಯಿಂದ ಕಾಲರು ಹಿಡಿದುಕೊಂಡು ಎದ್ದು ನಿಂತಳು. ಸರಿಯಾಗಿ ಆಗಲೇ ಅಳತೆ ಮಾಸ್ಟರ್ ಒಳಗೆ ಬಂದರು.

ಮಾಸ್ಟರ್ ಕಂಪನಿಯ ಹಳೇ ದರ್ಜಿ. ಕುತ್ತಿಗೆಗೆ ಟೇಪು ಇರುತ್ತಿತ್ತು, ಆದರೆ ಕಣ್ಣಳತೆಯೇ ಸಾಕೆಂಬ ಜಂಬ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಭುಜ, ಸೊಂಟ ನೋಡುವುದು ಅವರ ಅಭ್ಯಾಸ. ಈಗಲೂ ನೋಡಿದರು. ಕೋಟಿನೊಳಗೆ ಹೊಟ್ಟೆಯ ಬಳಿ ಉಬ್ಬಿದ್ದ ಗಂಟಿನ ಮೇಲೆ ಅವರ ದೃಷ್ಟಿ ನಿಂತುಬಿಟ್ಟಿತು.

"ಒಳಗೆ ಸಡಿಲ ಬಟ್ಟೆ ಹಾಕಿದ್ದೀಯಲ್ಲಮ್ಮ," ಎಂದರು ಮೆಲ್ಲಗೆ.

ಕೋಟಮ್ಮ ಕಾಲರು ಬಿಟ್ಟು ಎರಡೂ ಕೈಗಳನ್ನು ಹೊಟ್ಟೆಗೆ ಅಡ್ಡ ಹಿಡಿದಳು.

"ಹೇಳೋದು ಬೇಡ ಬಿಡು. ನಲವತ್ತು ವರ್ಷದಿಂದ ಬಟ್ಟೆ ಹೊಲೀತಿದ್ದೀನಿ, ಸೊಂಟಕ್ಕೆ ಯಾವಾಗ ಸಡಿಲ ಬೇಕಾಗುತ್ತೆ ಅಂತ ಗೊತ್ತಾಗಲ್ವಾ," ಎಂದು ನಕ್ಕು, ಅವರು ನೇರವಾಗಿ ಕ್ಯಾಷಿಯರಕ್ಕನ ಕಿವಿಯ ಹತ್ತಿರ ಬಾಗಿದರು.

ಊಟದ ಹೊತ್ತಿಗೆ ಕಟಿಂಗ್ ವಿಭಾಗದಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಕೋಟಮ್ಮ ಎರಡನೇ ಸಲ ತಾಯಿಯಾಗುವ ಸುದ್ದಿ ಮುಟ್ಟಿತ್ತು.

"ನನಗಾದ್ರೂ ಹೇಳಬಾರದಿತ್ತಾ?" ಎಂದು ಅಕ್ಕ ಮುಖ ಊದಿಸಿಕೊಂಡಳು.

"ಅಂಥದ್ದೇನೂ ಇಲ್ಲ ಅಕ್ಕ, ನಿನ್ನಾಣೆ."

"ಮೊದಮೊದಲು ಎಲ್ಲರೂ ಹಾಗೇ ಹೇಳೋದು. ಮೇಡಂಗೆ ಮಾತ್ರ ಇವತ್ತು ಗೊತ್ತಾಗದ ಹಾಗೆ ನೋಡ್ಕೋ. ಕಾಯಂ ಮಾಡೋ ಮೊದಲೇ ರಜ ಕೇಳೋಳು ಬಂದಳು ಅಂತಾರೆ."

ಬೆಳಿಗ್ಗೆ ಇದ್ದದ್ದು ಒಂದು ಭಯ, ಈಗ ಎರಡಾದವು. ಗರ್ಭಿಣಿಯಲ್ಲ ಎಂದು ತೋರಿಸಬೇಕಾದರೆ ಕೋಟು ಬಿಚ್ಚಬೇಕು. ಕೋಟು ಬಿಚ್ಚಿದರೆ ಬಾತುಕೋಳಿಗಳು. ಮನೆಗೆ ಓಡಿಹೋಗಿ ಬರೋಣವೆಂದರೆ, ಮಧ್ಯಾಹ್ನ ಒಂದು ದೊಡ್ಡ ಆಸ್ಪತ್ರೆಯವರು ಆರ್ಡರು ಕೊಡಲು ಬರುತ್ತಾರೆ, ಯಾರೂ ಹೊರಗೆ ಹೋಗಕೂಡದು ಎಂದು ಮೇಡಂ ಅವರ ಅಪ್ಪಣೆಯಾಗಿತ್ತು. ಕೊನೆಗೆ ಅವಳು ಕಳ್ಳಹೆಜ್ಜೆಯಲ್ಲಿ ಗೋದಾಮಿಗೆ ಹೋದಳು. ಅಡುಗೆಯವರದೋ ನರ್ಸಮ್ಮನದೋ ಒಂದು ಅಂಗಿ ಸಿಕ್ಕಿದ್ದರೂ ಸಾಕಿತ್ತು. ಗೋದಾಮಿನ ತುಂಬ ಇದ್ದದ್ದು ಒಂದನೇ ತರಗತಿಯ ಮಕ್ಕಳ ಚಡ್ಡಿಗಳು. ಅವುಗಳ ನಡುವೆ ನಿಂತು ಅವಳಿಗೆ ನಿಜವಾಗಿ ಅಳು ಬಂತು.

ಮೇಜಿಗೆ ಮರಳಿದಾಗ ಅಕ್ಕ ಕಣ್ಣರಳಿಸಿ ಕಾಯುತ್ತಿದ್ದಳು.

"ಮೇಡಂ ಕರೀತಿದ್ದಾರೆ. ಮಾಸ್ಟರ್ ಈಗಷ್ಟೇ ಅವರ ರೂಮಿಂದ ಬಂದ್ರು."

ಆ ಕೋಣೆಯವರೆಗಿನ ದಾರಿಯಲ್ಲಿ ಕೋಟಮ್ಮ ಮಗಳ ಶಾಲೆಯನ್ನು ನೆನೆದಳು, ಗಂಡನ ಪಾಳಿಗಳನ್ನು ನೆನೆದಳು, ಚಪ್ಪಲಿಯ ಡ್ರೈವರನ್ನೂ ನೆನೆದಳು. ಬಾಗಿಲು ತಟ್ಟಿ ಒಳಗೆ ಹೋದಳು.

"ಬಾಗಿಲು ಹಾಕಿ," ಎಂದರು ಮೇಡಂ. "ಚಿಲಕಾನೂ."

ಹಾಕಿದಳು. ಮೇಡಂ ಎದ್ದುಬಂದು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮಾಸ್ಟರ್ ಹೇಳಿದ್ರು."

ಕೋಟಮ್ಮ ಕಣ್ಣು ಮುಚ್ಚಿದಳು.

"ನಮ್ಮಿಬ್ಬರ ಅಳತೆ ಒಂದೇ ಅಂತೆ. ಸೊಂಟ ಮಾತ್ರ ಈಗ ನಿಮ್ಮದು ಸ್ವಲ್ಪ ಹೆಚ್ಚಂತೆ. ಪರವಾಗಿಲ್ಲ, ಪಿನ್ನು ಹಾಕ್ಕೋತೀನಿ."

ಕೋಟಮ್ಮ ಕಣ್ಣು ತೆರೆದಳು. ಮೇಡಂ ಕೂಡ ಕೋಟಿನಲ್ಲೇ ಇದ್ದರು. ಬೂದು ಬಣ್ಣದ್ದು, ಕತ್ತಿನವರೆಗೆ ಗುಂಡಿ ಹಾಕಿತ್ತು. ಹಣೆಯಲ್ಲಿ ಬೆವರಿತ್ತು.

"ಮೊಮ್ಮಗು ರಾತ್ರಿ ನಿದ್ದೆ ಮಾಡಲಿಲ್ಲ, ನಮ್ಮನ್ನೂ ಬಿಡಲಿಲ್ಲ," ಎಂದರು ಮೇಡಂ ಪಿಸುಮಾತಿನಲ್ಲಿ. "ಬೆಳಿಗ್ಗೆ ಅದಕ್ಕೆ ಔಷಧಿ ತರೋಣ ಅಂತ ಇದನ್ನ ಹಾಕ್ಕೊಂಡು ಹೊರಟೆ, ಹಾಗೇ ಇಲ್ಲಿಗೆ ಬಂದುಬಿಟ್ಟೆ. ಒಳಗೆ ನೈಟಿ. ಆಸ್ಪತ್ರೆಯವರು ಇನ್ನೇನು ಬರ್ತಾರೆ. ಗೋದಾಮಿನಲ್ಲಿ ಬರೀ ಚಡ್ಡಿ. ನೀವು ಯಾವಾಗಲೂ ನೀಟಾಗಿ ಬರೋರು. ನಿಮ್ಮ ಬಟ್ಟೆ ನನಗೆ ಕೊಡಿ, ನೀವು ಸಂಜೆವರೆಗೆ ಕೋಟಲ್ಲೇ ಇರಿ. ನಿಮ್ಮ ಕಾಯಂ ಪತ್ರಕ್ಕೆ ಸಹಿ ಹಾಕಿಯೇ ಇಟ್ಟಿದ್ದೀನಿ, ನೋಡಿ."

ಪತ್ರ ಮೇಜಿನ ಮೇಲಿತ್ತು. ಬೆಳಗಿನಿಂದ ಕಟ್ಟಿಕೊಂಡಿದ್ದ ಭಯವೆಲ್ಲ ಒಂದೇ ಸಲಕ್ಕೆ ಇಳಿದು ಕೋಟಮ್ಮನಿಗೆ ನಗು ಉಕ್ಕಿತು. ಜಗತ್ತಿನಲ್ಲಿ ತನ್ನಂಥವರು ಇನ್ನೊಬ್ಬರಿದ್ದಾರೆ, ಅದೂ ದೊಡ್ಡ ಮೇಡಂ. ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಒಂದೊಂದಾಗಿ ಗುಂಡಿ ಬಿಚ್ಚಿ, ಮಫ್ಲರು ಸಡಿಲಿಸಿ, ಎರಡೂ ಕೈಯಿಂದ ಕೋಟನ್ನು ಅಗಲವಾಗಿ ತೆರೆದಳು. ಬಾತುಕೋಳಿಗಳು ಸಾಲಾಗಿ ಕೆಳಗಿಳಿದವು.

"ಮೇಡಂ, ನನ್ನದೂ ಇದೇ ಕತೆ."

ಮೇಡಂ ಬಾತುಕೋಳಿಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ತಮ್ಮ ಕೋಟಿನ ಮೇಲಿನ ಗುಂಡಿಯನ್ನು ಇನ್ನೊಮ್ಮೆ ಭದ್ರಪಡಿಸಿಕೊಂಡು, ಹೋಗಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಏನಿದು?"

"ನೈಟಿ ಮೇಡಂ. ನೀವೂ..."

"ನಾನೂ ಏನು? ನನ್ನದನ್ನ ನೀವು ನೋಡಿದ್ರಾ?"

"ಇಲ್ಲ ಮೇಡಂ."

"ನಿಮ್ಮದನ್ನ ನಾನು ನೋಡ್ದೆ," ಎಂದು ಮೇಡಂ ಆ ಪತ್ರವನ್ನು ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದರು. "ಇನ್ನೂ ಮೂರು ತಿಂಗಳು ನಿಮ್ಮ ಶಿಸ್ತು ಹೇಗಿರುತ್ತೆ ನೋಡೋಣ. ಕೋಟು ಹಾಕ್ಕೊಳ್ಳಿ. ಹೋಗ್ತಾ ಎಲ್ಲ ಹೀಟರ್ ಆರಿಸೋಕೆ ಹೇಳಿ. ಆಸ್ಪತ್ರೆಯವರಿಗೂ ಕೋಟು ತೆಗೆಯೋ ಮನಸ್ಸು ಬರಬಾರದು."

ಬೆಳಗಿನಿಂದ ತನಗೇಕೆ ಇದು ಹೊಳೆಯಲಿಲ್ಲ ಎಂದುಕೊಳ್ಳುತ್ತ ಕೋಟಮ್ಮ ಗುಂಡಿಗಳನ್ನು ಹಾಕಿಕೊಂಡು ಹೊರಗೆ ಬಂದಳು. ಒಂದೊಂದಾಗಿ ಹೀಟರುಗಳು ಆರಿದವು. ಅವಳು ತಣ್ಣನೆಯ ಕುರ್ಚಿಯಲ್ಲಿ ಕುಳಿತು, ಬೆರಳು ಮಡಿಸಿ ಮುಂದಿನ ಮೂರು ತಿಂಗಳು ಯಾವುವೆಂದು ಎಣಿಸಿದಳು. ಮೂರೂ ಚಳಿಗಾಲದವೇ.