ಮಡ್‌ಗಾರ್ಡ್ ಇಲ್ಲದ ಸೈಕಲ್ಲು

ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ದೊಡ್ಡ ಮಾತೇನಲ್ಲ. 'ಅದು ಕೆಸರು' ಅಂದಿದ್ದರೆ ಸಾಕಾಗಿತ್ತು. ಎರಡೇ ಪದ. ಅಷ್ಟನ್ನು ಹೇಳದೆ ಹೋದದ್ದರಿಂದ ನಮ್ಮಕ್ಕ ಟೀಚರಾಗಲಿಲ್ಲ. ಮಿಕ್ಕ ದಿನಗಳಲ್ಲಿ ನನ್ನ ಮಾತಿಗೆ ಬರಗಾಲವಿಲ್ಲ. ನಾನು ಕೆಲಸ ಮಾಡುವ ಯಶವಂತಪುರದ ಕಾರ್ಖಾನೆಯಲ್ಲಿ ಯಂತ್ರ ನಿಂತರೂ ಮುನಿಯಪ್ಪ ನಿಲ್ಲೋದಿಲ್ಲ ಅಂತ ಹೆಸರಿದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಾಲೆ ನನ್ನನ್ನು ಮೂರನೆಯದರಲ್ಲೇ ಬಿಟ್ಟಿತ್ತು. ನಮ್ಮಕ್ಕ ಜಯಮ್ಮ ಹಾಗಲ್ಲ. ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣುಮಗಳು ಅವಳು. ಊರಿನವರ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳೂ ಅವಳೇ.

ಆಗ ನಮ್ಮ ಮನೆಯಲ್ಲೊಂದು ಹಳೇ ಸೈಕಲ್ಲಿತ್ತು. ಹೆಬ್ಬಾಳದಿಂದ ಯಲಹಂಕದವರೆಗೆ ಹುಡುಗರೆಲ್ಲ ರೇಸು ಬಿಡುತ್ತಿದ್ದ ಕಾಲ ಅದು. ಮಡ್‌ಗಾರ್ಡ್ ಇಟ್ಟುಕೊಂಡವನು ಮುದುಕ, ಬಿಚ್ಚಿಸಿದವನು ಗಂಡು ಅಂತ ನಮ್ಮೊಳಗೇ ಒಂದು ಕಾನೂನು. ನಾನೂ ಸೈಕಲ್ ಶಾಪಿನ ಬಾಷಾ ಸಾಬರ ಹತ್ತಿರ ಹೋಗಿ ಎರಡನ್ನೂ ಬಿಚ್ಚಿಸಿದೆ. ಹಿಂದಿನ ಕ್ಯಾರಿಯರ್ ಮಾತ್ರ ಇರಲಿ ಅಂದೆ, ರಾಗಿ ಮಿಲ್ಲಿಗೆ ಹೋಗಬೇಕಲ್ಲ. ಸಾಬರು ಸ್ಪ್ಯಾನರ್ ತಿರುಗಿಸುತ್ತಲೇ, ಸೈಕಲ್ ಹಗುರ ಆಗ್ತದೆ ತಮ್ಮಾ, ತುಳಿಯೋ ಕಾಲು ಅದೇ ಅಲ್ವಾ ಅಂತ ಕೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ರೇಸಿನಲ್ಲಿ ಒಂಬತ್ತು ಜನರಲ್ಲಿ ನಾನು ಏಳನೆಯವನಾಗಿ ಬಂದೆ. ಮಿಕ್ಕಿಬ್ಬರು ದಾರಿಯಲ್ಲೇ ಬಿದ್ದಿದ್ದರು. ಬಿಚ್ಚಿದ ಮಡ್‌ಗಾರ್ಡುಗಳನ್ನು ಅಮ್ಮ ಅಂಗಾತ ಮಾಡಿ ಸೂರಿನ ಕೆಳಗೆ ಕಟ್ಟಿದಳು. ಮಳೆನೀರು ಅದರಲ್ಲಿ ಹರಿದು ಹಂಡೆಗೆ ಬೀಳುತ್ತಿತ್ತು. ನಾನು ನೋಡಿದ ಮಡ್‌ಗಾರ್ಡುಗಳಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡಿದವು ಅವೆರಡೇ.

ಯಲಹಂಕದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಇದೆ, ಶುಕ್ರವಾರ ಬಾ ಅಂತ ಅಕ್ಕನಿಗೆ ಕಾಗದ ಬಂತು. ಸೋದರತ್ತೆ ಕೊಟ್ಟ ಬಿಳಿ ಸೀರೆಯನ್ನು ಅಕ್ಕ ಕೆಂಡ ತುಂಬಿದ ಚೊಂಬಿನಿಂದ ಎರಡು ಸಲ ಇಸ್ತ್ರಿ ಮಾಡಿದಳು. ಹಿಂದಿನ ಸಂಜೆ, ನಾಳೆಗಾದ್ರೂ ಆ ಮಡ್‌ಗಾರ್ಡ್ ಹಾಕ್ಸೋ ಅಂದಳು. ಆಕಾಶದಲ್ಲಿ ಒಂದು ಮೋಡ ಇಲ್ಲವಲ್ಲ, ಸುಮ್ಮನೆ ಯಾಕೆ ಭಾರ ಅಂದೆ. ನಿಜ ಹೇಳಬೇಕೆಂದರೆ, ಯಲಹಂಕದಲ್ಲಿ ರೇಸಿನ ಹುಡುಗರು ಯಾರಾದರೂ ನೋಡಿಯಾರು ಅನ್ನೋ ಭಯ. ಬೆಳಗಿನ ಜಾವ ಮಳೆ ಹೊಡೆಯಿತು. ನಮ್ಮೂರಿನಿಂದ ಬಳ್ಳಾರಿ ರಸ್ತೆಗೆ ಸೇರುವವರೆಗೆ ಬರೀ ಕೆಮ್ಮಣ್ಣು. ಅಕ್ಕ ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕೂತಿದ್ದಳು. ಕ್ಯಾರಿಯರ್ ಅಂದರೆ ಮೂರು ಕಂಬಿ, ನಡುವಿನದೆಲ್ಲ ಸಂದು. ಚಕ್ರ ಎತ್ತಿದ ಕೆಸರು ಆ ಸಂದಿನಲ್ಲಿ ಹೋಗಿ ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು. ಮುಂದೆ ಕೂತು ತುಳಿಯುವವನಿಗೆ ಅದು ಹೇಗೆ ಕಾಣಬೇಕು? ಕಾಣದೆ ನಾನು ಸಿಳ್ಳೆ ಹಾಕುತ್ತಿದ್ದೆ.

ಅಕ್ಕ ಶಾಲೆಯ ಒಳಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಆಯಾ ಅವಳನ್ನು ಹಜಾರದಿಂದ ಹೊರಕ್ಕೆ ಕರೆತಂದಳು. ಹೆಡ್‌ಮಿಸ್ಟ್ರೆಸ್ ಹಿಂದೆಯೇ ಬಂದರು. ಆವತ್ತು ಹಜಾರದಲ್ಲಿ ಶಾರದಾ ಪೂಜೆಯಂತೆ. ಆಕೆ ಕೆಟ್ಟವರಲ್ಲ, ತಗ್ಗಿದ ದನಿಯಲ್ಲೇ ಹೇಳಿದರು, ಹೊರಗಾದವಳು ಹೀಗೆ ಬರಬಾರದಮ್ಮ, ಮೂರು ದಿನ ಕಳೆದು ಬಾ ಅಂತ. ಅಕ್ಕ ಸೀರೆ ತಿರುಗಿಸಿ ನೋಡಿಕೊಂಡಳು. ಇಲ್ಲ ಮೇಡಂ, ಇದು ದಾರಿಯ ಮಣ್ಣು ಅಂದಳು. ಆಯಾ ನಕ್ಕಳು, ಎಲ್ಲರೂ ಹಾಗೇ ಅನ್ನೋದು ಅಂದಳು. ಆಗ ಅಕ್ಕ ಗೇಟಿನ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದಳು.

"ಮುನಿಯಾ, ಕೆಸರು ತಾನೇ ಇದು? ನೀನಾದ್ರೂ ಹೇಳೋ."

ಗೇಟಿನಲ್ಲಿ ಬೇರೆ ಹೆಣ್ಣುಮಕ್ಕಳ ಜೊತೆ ಬಂದಿದ್ದ ನಾಲ್ಕೈದು ಗಂಡಸರಿದ್ದರು. ಎಲ್ಲರೂ ಕಿವಿ ಈ ಕಡೆ ಇಟ್ಟು ಕಣ್ಣು ಆ ಕಡೆ ಮಾಡಿದರು. ಅಂಥ ವಿಷಯಕ್ಕೆ ಗಂಡಸು ತಲೆಹಾಕಬಾರದು ಅಂತ ನಮ್ಮ ಕಡೆ ಯಾರೂ ಹೇಳಿಕೊಡುವುದಿಲ್ಲ, ಅದು ಹೇಗೋ ಗೊತ್ತಿರುತ್ತದೆ. ನನ್ನ ಪಾದದಿಂದ ಮೂಗಿನ ತುದಿಯವರೆಗೆ ಅದೇ ಕೆಂಪು ಚಿಮ್ಮಿತ್ತು. ಯಾರೂ ಅದನ್ನು ಎರಡನೇ ಸಲ ನೋಡಲಿಲ್ಲ. ಗಂಡಸಿನ ಮೇಲೆ ಬಿದ್ದರೆ ಅದು ಕೆಸರು. ನಾನು ಸೈಕಲ್ಲಿನ ಬೆಲ್ಲನ್ನು ನೋಡುತ್ತಾ, "ನಂಗೇನ್ ಗೊತ್ತು" ಅಂದೆ.

ವಾಪಸು ಬರುವಾಗ ಅಕ್ಕ ಸೈಕಲ್ ಹತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು ಅಷ್ಟು ದೂರವೂ ನಡೆದಳು. ಅವಳು ನಡೆಯುವಾಗ ನಾನು ತುಳಿಯುವುದು ಹೇಗೆ? ತಳ್ಳಿಕೊಂಡು ಬಂದೆ. ಮನೆಯಲ್ಲಿ ಅಮ್ಮ ಸೀರೆಯನ್ನು ನೀರಿಗೆ ಅದ್ದಿದವಳೇ, "ಮಣ್ಣು ಕಣೇ ಇದು. ಅಲ್ಲಿ ಕಣ್ಣಿರೋರು ಯಾರೂ ಇರ್ನಿಲ್ವಾ?" ಅಂದಳು. ಅಕ್ಕ ನನ್ನ ಹೆಸರು ಹೇಳಲಿಲ್ಲ. ನಾಲ್ಕನೇ ದಿನ ಒಬ್ಬಳೇ ಬಸ್ಸಿನಲ್ಲಿ ಹೋದಳು. ಕೆಲಸ ಬೇರೆಯವರಿಗೆ ಆಗಿಹೋಗಿತ್ತು. ಆ ವಾರವೇ ನಾನು ಸೂರಿನಿಂದ ಮಡ್‌ಗಾರ್ಡ್ ಇಳಿಸಿ ಸೈಕಲ್ಲಿಗೆ ಹಾಕಿಸಿದೆ. ಮತ್ತೆ ಹದಿನೈದು ದಿನ ಮಳೆಯೇ ಬರಲಿಲ್ಲ.

ಈಗ ಅಕ್ಕ ಯಶವಂತಪುರದ ವಠಾರವೊಂದರಲ್ಲಿದ್ದಾಳೆ, ಭಾವನ ಮನೆ. ಸಂಜೆ ವಠಾರದ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಾಳೆ. ಅಕ್ಕಪಕ್ಕದವರು ಅವಳನ್ನು ಟೀಚರಮ್ಮ ಅಂತ ಕರೆಯುತ್ತಾರೆ, ಪ್ರೀತಿಯಿಂದಲೇ. ಅದು ಕಿವಿಗೆ ಬಿದ್ದಾಗಲೆಲ್ಲ ನಾನು ಹೊರಡೋದಕ್ಕೆ ಚಪ್ಪಲಿ ಹುಡುಕುತ್ತೇನೆ. ಕ್ಷಮೆ ಕೇಳಬೇಕು ಅಂತ ಎಷ್ಟು ಭಾನುವಾರ ಹೋಗಿದ್ದೇನೋ. ಹೋಗಿ, ಈ ಸಲ ಅವರೆಕಾಯಿಗೆ ಸೊನೆಯೇ ಇಲ್ಲ ಅಂತ ಒಂದು ಗಂಟೆ ಮಾತಾಡಿ ಎದ್ದು ಬರುತ್ತಿದ್ದೆ.

ಹೋದ ಭಾನುವಾರ ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಷ್ಟೋ ಧೈರ್ಯ ಮಾಡಿ ಅಂದೆ, ಅವತ್ತು ಮಡ್‌ಗಾರ್ಡ್ ಇದ್ದಿದ್ದರೆ ಹಾಗಾಗ್ತಿರಲಿಲ್ಲ ಅಕ್ಕ ಅಂತ. ಇಷ್ಟು ವರ್ಷ ಕಾಯಿಸಿ, ಕೊನೆಗೂ ತಪ್ಪನ್ನು ಎರಡು ತಗಡಿನ ಮೇಲೆ ಹೊರಿಸಿದ ಮಹಾನುಭಾವ ನಾನು. ಅಕ್ಕ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. ಎಂದಿನ ದನಿಯಲ್ಲೇ ಹೇಳಿದಳು:

"ಮಡ್‌ಗಾರ್ಡ್‌ನ ಯಾಕೋ ಬೈತೀಯ? ಪಾಪ, ಅದಕ್ಕೇನು ಬಾಯಿತ್ತಾ?"

ನಾನು ಬಾಗಿಲ ಕಡೆ ನೋಡಿದೆ. ಆಮೇಲೆ ಅವಳ ಕಡೆ ನೋಡಿದೆ.

"ನಂಗಿತ್ತಕ್ಕಾ. ಬಾಯಿ ಬಿಡಲಿಲ್ಲ. ತಪ್ಪಾಯ್ತು."